ಮಾತು ತಡವಾದರೆ ಮೊದಲು ಕಿವಿ ತೋರಿಸಿ

ಕೇಳುಗರಿಗೆಲ್ಲ ನಮಸ್ಕಾರ.

ನನ್ನ ಮಗಳಿಗೆ 20 ತಿಂಗಳಾದಾಗ ಅವಳಿಗೆ ಬರುತ್ತಿದ್ದದ್ದು ಒಂದೇ ಮಾತು, 'ಅಮ್ಮ'. ಅದೂ ನನ್ನನ್ನು ಕರೆಯೋದಕ್ಕಲ್ಲ, ಅಳುವಾಗ ಬರುತ್ತಿತ್ತು ಅಷ್ಟೇ. ನೀರಡಿಕೆಯಾದರೆ ನನ್ನ ಸೆರಗು ಹಿಡಿದು ಎಳೆದುಕೊಂಡು ಹೋಗಿ ಕೊಡದ ಮುಂದೆ ನಿಲ್ಲಿಸುತ್ತಿದ್ದಳು. ನಾನು ನೀರು ಕೊಡುತ್ತಿದ್ದೆ. ಎಷ್ಟು ಜಾಣೆ ನನ್ನ ಮಗಳು ಅಂತ ಹಿಗ್ಗುತ್ತಿದ್ದೆ.

ನಮ್ಮದು ಸಿಂಧನೂರು ಹತ್ತಿರದ ಹಳ್ಳಿ. ಓಣಿಯಲ್ಲಿ ಹೋಗಿ ಬರುವವರು ಕೇಳುತ್ತಿದ್ದರು, "ಏನವ್ವಾ, ಕೂಸು ಇನ್ನೂ ಮಾತಾಡವಲ್ದೇನು?" ನಮ್ಮತ್ತೆ ನನ್ನ ಪರ ನಿಲ್ಲುತ್ತಿದ್ದರು. "ಆಡ್ತಾಳ ಬಿಡ್ರಿ, ಅವರಪ್ಪನೂ ನಾಕು ವರ್ಷಕ್ಕ ಬಾಯಿ ಬಿಟ್ಟಾನ." ದಿನಾ ಬೆಳಿಗ್ಗೆ ಬಜೆ ತೇಯ್ದು ಅವಳ ನಾಲಿಗೆಗೆ ಹಚ್ಚುತ್ತಿದ್ದರು. ಅವರ ಪ್ರೀತಿಯ ಬಗ್ಗೆ ಎರಡು ಮಾತಿಲ್ಲ. ಆದರೆ ತೊಂದರೆ ಇದ್ದದ್ದು ನಾಲಿಗೆಯಲ್ಲಿ ಅಲ್ಲ, ಕಿವಿಯಲ್ಲಿ.

ಆ ಅನುಮಾನವೇ ನಮಗೆ ಬಂದಿರಲಿಲ್ಲ. ತಟ್ಟೆ ಬಿದ್ದರೆ ತಿರುಗುತ್ತಿದ್ದಳು. ಟ್ರ್ಯಾಕ್ಟರ್ ಬಂದರೆ ಬಾಗಿಲಿಗೆ ಓಡುತ್ತಿದ್ದಳು. ಕೇಳಿಸದಿದ್ದರೆ ಹೇಗೆ ಓಡುತ್ತಾಳೆ, ಅಲ್ವಾ? ಒಂದು ಆಸ್ಪತ್ರೆಗೂ ತೋರಿಸಿದ್ದೆವು. ಡಾಕ್ಟರು ಅವಳ ಬೆನ್ನ ಹಿಂದೆ ಚಪ್ಪಾಳೆ ತಟ್ಟಿದರು. ತಿರುಗಿದಳು. "ಕಿವಿ ಸರಿ ಇವೆ, ಮೂರು ವರ್ಷ ತುಂಬಲಿ, ನೋಡೋಣ" ಅಂದರು. ಅದನ್ನೇ ನಂಬಿ ನಾಲ್ಕು ತಿಂಗಳು ಸುಮ್ನೆ ಕುಳಿತೆ. ಆ ನಾಲ್ಕು ತಿಂಗಳು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಂಗನವಾಡಿಗೆ ಮಕ್ಕಳನ್ನು ನೋಡುವ ಡಾಕ್ಟರ ತಂಡ ಬಂದ ದಿನ ನಮ್ಮ ದಾರಿ ಬದಲಾಯಿತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ ಅದರ ಹೆಸರು, 2013ರಲ್ಲಿ ಶುರುವಾದದ್ದು. ಹುಟ್ಟಿದ ಮಗುವಿನಿಂದ 18 ವರ್ಷದವರೆಗಿನವರನ್ನು ನೋಡುತ್ತಾರೆ, ದುಡ್ಡಿಲ್ಲ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರುವುದು ಅವರ ಕೆಲಸ. ಅವರು ಬರೆದುಕೊಟ್ಟ ಚೀಟಿ ಹಿಡಿದು ರಾಯಚೂರಿಗೆ ಹೊರಟೆವು.

ಬೇರಾ ಅಂತ ಒಂದು ಪರೀಕ್ಷೆ ಇದೆ. ಮಗು ನಿದ್ದೆಯಲ್ಲಿರುವಾಗ ಮಾಡುತ್ತಾರೆ. ಅದಕ್ಕೇ "ಬರುವಾಗ ದಾರಿಯಲ್ಲಿ ಮಲಗಿಸಬೇಡಿ" ಅಂದಿದ್ದರು. ಬಸ್ಸು ಮಾನ್ವಿ ದಾಟುವ ಹೊತ್ತಿಗೆ ಅವಳ ಕಣ್ಣು ಎಳೆಯುತ್ತಿದ್ದವು. ಕೆನ್ನೆಗೆ ನೀರು ಹಚ್ಚಿದೆ, ಮಂಡಾಳು ತಿನ್ನಿಸಿದೆ, ಕಿಟಕಿಗೆ ನಿಲ್ಲಿಸಿದೆ. ಪಕ್ಕದ ಸೀಟಿನ ಅಜ್ಜಿ, "ಮಲಗಲಿ ಬಿಡವ್ವಾ, ಪಾಪ ಕೂಸು" ಅಂತ ನನ್ನನ್ನೇ ಬೈದರು. ಆಸ್ಪತ್ರೆಯಲ್ಲಿ ತೊಡೆಯ ಮೇಲೆ ಹಾಕಿಕೊಂಡ ಐದೇ ನಿಮಿಷಕ್ಕೆ ನಿದ್ದೆ. ಹಣೆಗೆ, ಕಿವಿಯ ಹಿಂದೆ ಸಣ್ಣ ಬಿಲ್ಲೆ ಅಂಟಿಸಿ, ಕಿವಿಯಲ್ಲಿ ಶಬ್ದ ಬಿಡುತ್ತಾರೆ. ಆ ಶಬ್ದ ಮಿದುಳಿಗೆ ಮುಟ್ಟಿತೋ ಇಲ್ಲವೋ ಕಂಪ್ಯೂಟರಿನ ಗೆರೆಗಳಲ್ಲಿ ಕಾಣುತ್ತದೆ. ಸೂಜಿ ಇಲ್ಲ, ನೋವಿಲ್ಲ. ಕರೆಂಟು ಕೊಡ್ತಾರೆ ಅಂತ ಹೆದರಿಸುವವರ ಮಾತು ಕೇಳಬೇಡಿ.

ನನ್ನ ಮಗಳ ಎರಡೂ ಕಿವಿಯ ಪರದೆಯ ಹಿಂದೆ ನೀರು ತುಂಬಿತ್ತು. ಮೇಲಿಂದ ಮೇಲೆ ನೆಗಡಿಯಾಗುವ ಮಕ್ಕಳಲ್ಲಿ ಹೀಗಾಗುತ್ತದಂತೆ. ನೀವು ಎರಡೂ ಕಿವಿಗೆ ಬೆರಳಿಟ್ಟುಕೊಂಡು ಯಾರದಾದರೂ ಮಾತು ಕೇಳಿ ನೋಡಿ. ಹೆಚ್ಚುಕಡಿಮೆ ಹಾಗೆ ಕೇಳಿಸುತ್ತಿತ್ತು ಅವಳಿಗೆ. ತಟ್ಟೆ ಬಿದ್ದದ್ದು ಕೇಳುತ್ತಿತ್ತು. 'ಸಾರು' ಅಂದದ್ದು, 'ಕಾಗೆ' ಅಂದದ್ದು ಸರಿಯಾಗಿ ಕೇಳುತ್ತಿರಲಿಲ್ಲ. ಕೇಳದ ಮಾತನ್ನು ಮಗು ಹೇಗೆ ಆಡಬೇಕು?

ಅಲ್ಲಿಯೂ ಡಾಕ್ಟರು "ಮೂರು ತಿಂಗಳು ನೋಡೋಣ" ಅಂದರು. ಎಷ್ಟೋ ಮಕ್ಕಳಿಗೆ ಆ ನೀರು ತಾನೇ ಇಂಗುತ್ತದೆ, ಇಂಗದಿದ್ದರೆ ಪರದೆಯಲ್ಲಿ ಸಣ್ಣ ನಳಿಕೆ ಕೂಡಿಸುತ್ತಾರೆ. ಆದರೆ ಈ ಕಾಯುವುದಕ್ಕೂ ಮೊದಲು ಕಾದದ್ದಕ್ಕೂ ಎಷ್ಟು ಫರಕು! ಇದು ಪರೀಕ್ಷೆ ಮಾಡಿ ಕಾಯುವುದು. ಕಾರ್ಡಿನ ಮೇಲೆ ಮುಂದಿನ ತಾರೀಖು ಬರೆದು ಕಾಯುವುದು. "ಆಡ್ತಾಳ ಬಿಡು" ಅನ್ನುವುದಕ್ಕೆ ತಾರೀಖು ಇರುವುದಿಲ್ಲ.

ಆ ಮೂರು ತಿಂಗಳು ಸ್ಪೀಚ್ ಥೆರಪಿ, ಅಂದರೆ ಮಾತು ಕಲಿಸುವ ತರಬೇತಿಯೂ ನಡೆಯಿತು. ಥೆರಪಿ ಮಾಡುವ ಮೇಡಂ ಮೊದಲ ದಿನ ಅವಳನ್ನಲ್ಲ, ನನ್ನನ್ನೇ ನೋಡಿದರು. "ಬೇಕಾದ್ದನ್ನು ಬಾಯಿಬಿಟ್ಟು ಕೇಳುವುದಕ್ಕೆ ನೀವು ಅವಳಿಗೆ ಅವಕಾಶವನ್ನೇ ಕೊಡುತ್ತಿಲ್ಲ" ಅಂದರು. ನಿಜ. ಸೆರಗು ಎಳೆದರೆ ನೀರು, ಮುಖ ನೋಡಿದರೆ ರೊಟ್ಟಿ. ಮನೆಗೆ ಬಂದು, ಅವರು ಹೇಳಿದಂತೆ ಕೊಡದ ಮುಂದೆ ಅವಳ ಎದುರು ಕುಕ್ಕರಗಾಲಲ್ಲಿ ಕುಳಿತೆ. ಅವಳಿಗೆ ನನ್ನ ಬಾಯಿ ಕಾಣಬೇಕು. ಲೋಟ ಹಿಡಿದು "ನೀರು ಬೇಕಾ? ನೀರು" ಅಂದು ಮನಸ್ಸಿನಲ್ಲೇ ಐದು ಎಣಿಸಿದೆ. ಏನೂ ಬರಲಿಲ್ಲ. ನೀರು ಕೊಟ್ಟೆ. ಸತಾಯಿಸಬಾರದು, ಅಳಿಸಬಾರದು. ದಿನಕ್ಕೆ ಹತ್ತು ಸಲ ಹೀಗೇ. ಒಂದು ಸಂಜೆ ಲೋಟದ ಕಡೆ ಬೆರಳು ಮಾಡಿ "ನೀ" ಅಂದಳು. ನಮ್ಮತ್ತೆ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಓಡಿ ಬಂದರು.

ಎಲ್ಲ ಮಕ್ಕಳದೂ ಕಿವಿಯ ತೊಂದರೆಯೇ ಅಲ್ಲ. ಕೆಲವರದು ಆಟಿಸಂ ಇರಬಹುದು, ಅಂದರೆ ಬೇರೆಯವರ ಜೊತೆ ಬೆರೆಯುವುದು, ಮಾತಾಡುವುದು ಕಷ್ಟವಾಗುವ ಬೆಳವಣಿಗೆಯ ತೊಂದರೆ. ಕೆಲವರು ಬರೀ ತಡ, ತಾವೇ ಸರಿಹೋಗುತ್ತಾರೆ. ಯಾವುದು ಅಂತ ಮನೆಯಲ್ಲಿ ಕುಳಿತು ಹೇಳಲು ಆಗುವುದಿಲ್ಲ. ವರ್ಷ ತುಂಬಿದರೂ 'ಬಬಬ' 'ದದದ' ಅನ್ನದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸದಿದ್ದರೆ ಕರೆದುಕೊಂಡು ಹೋಗಿ. ಒಂದೂವರೆ ವರ್ಷಕ್ಕೂ ಒಂದು ಮಾತಿಲ್ಲ, ಎರಡು ವರ್ಷಕ್ಕೆ 'ಅಪ್ಪ ಬಾ' ಅಂತ ಎರಡು ಮಾತು ಕೂಡಿಸುವುದಿಲ್ಲ ಅಂದರೂ ಹೋಗಿ. ಬಂದ ಮಾತು ಹೋಯಿತು ಅಂದರೆ ಒಂದು ವಾರವೂ ತಡ ಮಾಡಬೇಡಿ. ನಿಮ್ಮ ತಾಯಿ ಕಾರ್ಡಿನಲ್ಲೇ ಮಗು ಯಾವ ತಿಂಗಳಿಗೆ ಏನು ಮಾಡಬೇಕು ಅನ್ನುವ ಚಿತ್ರಗಳಿವೆ. ನಾನು ಆ ಪುಟ ತೆರೆದೇ ಇರಲಿಲ್ಲ.

ನಮ್ಮ ಕಡೆ ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಉರ್ದು, ತಾಂಡಾದಲ್ಲಿ ಲಂಬಾಣಿ. ಹೆಚ್ಚು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗುತ್ತದೆ ಅನ್ನುವುದು ಸುಳ್ಳು. ನಿಮಗೆ ಬಾಯಿಗೆ ಬರುವ ಭಾಷೆಯಲ್ಲೇ ಮಾತಾಡಿ. ಮೊಬೈಲ್ ಕೊಟ್ಟು ಉಣ್ಣಿಸುವುದು ಮಾತ್ರ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಮೊಬೈಲೇ ಬೇಡ ಅಂತ ನಮ್ಮ ದೇಶದ ಮಕ್ಕಳ ತಜ್ಞರ ಸಂಘ ಹೇಳುತ್ತದೆ. ಗುಳೆ ಹೋದ ಅಪ್ಪನ ಜೊತೆ ಆಗಾಗ ವಿಡಿಯೊದಲ್ಲಿ ಮಾತಾಡಿದರೆ ಅಡ್ಡಿಯಿಲ್ಲ.

ರಾಯಚೂರಿಗೋ ಬಳ್ಳಾರಿಗೋ ಕೊಪ್ಪಳಕ್ಕೋ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, ನನಗೆ ಗೊತ್ತು. ನಮ್ಮದೂ ಹೋಗಿದೆ. ಆದರೂ ಮೊದಲು ಆಶಾ ಅಕ್ಕನನ್ನು, ಅಂಗನವಾಡಿ ಟೀಚರನ್ನು ಕೇಳಿ, ಚೀಟಿ ಬರೆಸಿಕೊಂಡು ಹೋಗಿ.

ನನ್ನ ಮಗಳಿಗೆ ಈಗ ಮೂರೂವರೆ. ರೊಟ್ಟಿಗೆ 'ಲೊಟ್ಟಿ' ಅನ್ನುತ್ತಾಳೆ, ಬಸ್ಸಿನಲ್ಲಿ ಕೂತರೆ ಬಾಯಿ ಮುಚ್ಚುವುದಿಲ್ಲ. ಮುಂದಿನ ಕಿವಿ ಪರೀಕ್ಷೆ ದಸರಾ ಕಳೆದ ಮೇಲೆ. ತಾರೀಖು ಕಾರ್ಡಿನಲ್ಲಿದೆ.

ನಮಸ್ಕಾರ.