ಜೀನ್ ಎಡಿಟಿಂಗ್ ಬರಲಿ, ಊರವರನ್ನು ಕೇಳಿ ಬರಲಿ

ನಮಸ್ಕಾರ. 2025ರ ಮೇ ತಿಂಗಳಲ್ಲಿ ನಮ್ಮ ದೇಶದ ವಿಜ್ಞಾನಿಗಳು ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು ಹೊರತಂದರು. ಒಂದರ ಹೆಸರು ಕಮಲಾ. ಸಾಂಬಾ ಮಹಸೂರಿಯದ್ದೇ ಒಂದು ಜೀನ್ ತಿದ್ದಿ ಮಾಡಿದ್ದು. ತೆನೆಯಲ್ಲಿ ಕಾಳು ಜಾಸ್ತಿ, ಕೊಯ್ಲೂ ಬೇಗ. ಹೊರಗಿನ ಜೀವಿಯ ಜೀನ್ ಅದರಲ್ಲಿಲ್ಲ.

ಒಳ್ಳೆಯ ಕೆಲಸ. ಹಳದಿ ರೋಗಕ್ಕೆ ತೋಟ ಕಳೆದುಕೊಂಡ ಅಡಿಕೆ ಕೃಷಿಕರ ಮುಂದೆ ನಿಂತು ಇಂಥ ವಿಜ್ಞಾನ ಬೇಡ ಅನ್ನಲು ನನ್ನಿಂದ ಆಗದು. ರೋಗ ತಾಳಿಕೊಂಡ ಮರಗಳಿಂದ ಅಂಗಾಂಶ ಕೃಷಿಯಲ್ಲಿ ಸಸಿ ಮಾಡುವ ವಿಧಾನವನ್ನು ನಮ್ಮ ಕಾಸರಗೋಡು ಕೂಡ್ಲಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ)ಯವರೇ ರೂಪಿಸಿದ್ದಾರೆ.

ನನ್ನ ತಕರಾರು ಬೇರೆ. ಹೊರಗಿನ ಜೀನ್ ಉಳಿಯದ ಇಂಥ ಗಿಡಗಳಿಗೆ ಕುಲಾಂತರಿ (ಬೇರೆ ಜೀವಿಯ ಜೀನ್ ಸೇರಿಸಿದ) ಬೆಳೆಗಳ ಕಟ್ಟುನಿಟ್ಟಿನ ನಿಯಮ ಬೇಡ ಎಂದು ಕೇಂದ್ರ ಸರಕಾರ 2022ರಲ್ಲೇ ವಿನಾಯಿತಿ ಕೊಟ್ಟಿದೆ. ಅಂಥ ಬದಲಾವಣೆ ಪ್ರಕೃತಿಯಲ್ಲೂ ಆಗಬಹುದು ಅನ್ನುತ್ತಾರೆ. ಇರಬಹುದು. ಆದರೆ ಬೆಳೆಯುವವರನ್ನು, ಪಕ್ಕದ ಗದ್ದೆಯವರನ್ನು ಕೇಳುವುದು ಯಾವಾಗ?

ಇದನ್ನು ಕಾಸರಗೋಡಿನವರು ಕೇಳದೆ ಇನ್ಯಾರು ಕೇಳಬೇಕು, ಹೇಳಿ. ಎಂಡೋಸಲ್ಫಾನ್ ಕೀಟನಾಶಕ, ಜೈವಿಕ ತಂತ್ರಜ್ಞಾನ ಅಲ್ಲ, ಗೊತ್ತು. ಆದರೆ ಎಣ್ಮಕಜೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ವರ್ಷಗಟ್ಟಲೆ ಅದನ್ನು ಸುರಿದಾಗ, ಕೆಳಗಿನ ಮನೆಗಳವರನ್ನು ಯಾರೂ ಕೇಳಲಿಲ್ಲ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಅಲ್ಲಿನ ಸುರಂಗಗಳ ನೀರನ್ನೇ ಅವರು ಕುಡಿದರು. ಊರಲ್ಲಿ ಕಾಯಿಲೆ ಹೆಚ್ಚಾದದ್ದನ್ನು ಗಮನಿಸಿ ಬರೆದವರು ಅಲ್ಲೇ ಇದ್ದ ಡಾ. ವೈ. ಎಸ್. ಮೋಹನ್ ಕುಮಾರ್, ದೊಡ್ಡ ಸಂಸ್ಥೆಗಳಲ್ಲ. ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂದದ್ದು 2017ರಲ್ಲಿ. ಐದು ವರ್ಷ ಕಳೆದ ಮೇಲೂ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಬರೇ 8 ಮಂದಿಗೆ, ಅದೂ ಅವರು ಮತ್ತೆ ಕೋರ್ಟಿಗೆ ಹೋದ ಕಾರಣ. ಇದು ನೆನಪಾದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಬೀಜದ ಹಕ್ಕೂ ಇದೆಯಲ್ವಾ? ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿದ್ದಾರೆ. 2024ರಲ್ಲಿ ಪದ್ಮಶ್ರೀ ಕೊಟ್ಟರು. ಅಂಥ ತಳಿಯ ಜೀನ್ ತಿದ್ದಿ ನಾಳೆ ಯಾರಾದರೂ ಹೊಸ ಭತ್ತ ಮಾಡಿದರೆ, ಲಾಭದಲ್ಲಿ ಉಳಿಸಿದವರಿಗೆ ಪಾಲು ಬೇಕು. ಬೀಜ ಇಟ್ಟುಕೊಳ್ಳುವ, ಹಂಚುವ ಹಕ್ಕನ್ನು 2001ರ ಕಾನೂನು ರೈತರಿಗೆ ಕೊಟ್ಟಿದೆ. ಅದು ಒಂದಿಷ್ಟೂ ಸಡಿಲ ಆಗಬಾರದು.

2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯತಿನಲ್ಲೂ ಒಂದು ಜೀವವೈವಿಧ್ಯ ಸಮಿತಿ ಇರಬೇಕು. ಹೊಸ ತಳಿಯ ಪ್ರಯೋಗ ನಡೆಯುವ ಮೊದಲು ಎಲ್ಲ ವಿವರ ಆ ಸಮಿತಿಗೆ ಬರಲಿ. ಮಲಯಾಳದ ಜೊತೆ ಕನ್ನಡದಲ್ಲೂ ಬರಲಿ. ನಿಮ್ಮ ವಾರ್ಡಿನ ಮುಂದಿನ ಗ್ರಾಮಸಭೆಗೆ ಹೋಗಿ. ಸಮಿತಿಯಲ್ಲಿ ಯಾರಿದ್ದಾರೆ, ಕೊನೆಗೆ ಯಾವಾಗ ಸೇರಿದ್ದರು ಅಂತ ಕೇಳಿ. ಉತ್ತರ ಏನು ಸಿಕ್ಕಿತು ಅಂತ ನನಗೂ ಬರೆದು ಕಳಿಸಿ.