ಎರಡು ಪಾಸ್‌ಪೋರ್ಟ್ ಇದ್ದವರು ಸ್ವಂತ ದೇಶಕ್ಕೆ ಯಾವುದನ್ನು ಹಿಡಿದು ಹೋಗಬೇಕು?

[ದೃಶ್ಯ: ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರ್. ಅದರ ಮೇಲೆ ಬೇರೆ ಬೇರೆ ಬಣ್ಣದ ಎರಡು ಪಾಸ್‌ಪೋರ್ಟ್‌ಗಳು.]

ನಿರೂಪಣೆ:

2006ರಲ್ಲಿ ಬ್ರಿಟನ್ನಿನ ಸಂಸದರೊಬ್ಬರು ಕುಟುಂಬದೊಂದಿಗೆ ಮೆಕ್ಸಿಕೋಗೆ ಹೊರಟಿದ್ದರು. ನಡುವೆ ಅಮೆರಿಕದಲ್ಲಿ ವಿಮಾನ ಬದಲಿಸಬೇಕಿತ್ತು. ಅವರ ಬಳಿಯಿದ್ದ ಬ್ರಿಟಿಷ್ ಪಾಸ್‌ಪೋರ್ಟ್‌ನಲ್ಲಿ ಯಾವ ಲೋಪವೂ ಇರಲಿಲ್ಲ, ಆದರೆ ಜನ್ಮಸ್ಥಳದ ಸಾಲಿನಲ್ಲಿ ನ್ಯೂಯಾರ್ಕ್ ಎಂದಿತ್ತು. ನೀವು ಹುಟ್ಟಿನಿಂದಲೇ ಅಮೆರಿಕದ ಪೌರರು, ಆದ್ದರಿಂದ ಅಮೆರಿಕದ ಪಾಸ್‌ಪೋರ್ಟ್ ಇಲ್ಲದೆ ಆ ದೇಶದ ಮೂಲಕ ಹೋಗುವಂತಿಲ್ಲ ಎಂದು ಅವರನ್ನು ತಡೆಯಲಾಯಿತು. ಆ ಸಂಸದರು ಬೋರಿಸ್ ಜಾನ್ಸನ್. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಅವರು, ಅದಕ್ಕೂ ಮೊದಲೇ, 2016ರಲ್ಲಿ, ತಮ್ಮ ಅಮೆರಿಕದ ಪೌರತ್ವವನ್ನು ಬಿಟ್ಟುಕೊಟ್ಟರು.

ಈ ಪ್ರಸಂಗದಲ್ಲಿ ಒಂದು ವಿಚಿತ್ರವಿದೆ. ಅದೇ ಬ್ರಿಟಿಷ್ ಪಾಸ್‌ಪೋರ್ಟ್ ಹಿಡಿದು, ಅಮೆರಿಕಕ್ಕೆ ಸಂಪೂರ್ಣ ಪರಕೀಯನಾದ ಇನ್ನೊಬ್ಬ ಪ್ರಯಾಣಿಕ ಅದೇ ದಿನ ಅದೇ ವಿಮಾನದಲ್ಲಿ ನಿರಾತಂಕವಾಗಿ ಹೋಗಬಹುದಿತ್ತು. ಅಡ್ಡಿಯಾದದ್ದು ಆ ದೇಶದ ಪೌರನಿಗೆ ಮಾತ್ರ. ಹೊರಗಿನವರಿಗೆ ತೆರೆದ ಬಾಗಿಲು ಮನೆಯವರಿಗೇ ಮುಚ್ಚುವುದು ಹೇಗೆ, ಮತ್ತು ಎರಡು ದೇಶಗಳ ಪೌರತ್ವ ಇರುವವರು ಯಾವ ಹಂತದಲ್ಲಿ ಯಾವ ಪಾಸ್‌ಪೋರ್ಟ್ ತೋರಿಸಬೇಕು ಎಂಬುದನ್ನು ಈ ವಿಡಿಯೋದಲ್ಲಿ ನೋಡೋಣ.

[ಪರದೆಯ ಮೇಲೆ: 1930, ಹೇಗ್ ಒಪ್ಪಂದ]

ಮೊದಲು ತಳಪಾಯದ ಮಾತು. ರಾಷ್ಟ್ರೀಯತೆಯ ಕಾನೂನುಗಳ ನಡುವಿನ ತಿಕ್ಕಾಟಗಳ ಬಗ್ಗೆ 1930ರಲ್ಲಿ ಹೇಗ್ ನಗರದಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದ ರೂಪುಗೊಂಡಿತು. ಅದರ 3ನೇ ವಿಧಿಯ ಪ್ರಕಾರ, ಒಬ್ಬ ವ್ಯಕ್ತಿಗೆ ಎರಡು ರಾಷ್ಟ್ರೀಯತೆಗಳಿದ್ದರೆ ಆ ಎರಡು ದೇಶಗಳಲ್ಲಿ ಪ್ರತಿಯೊಂದೂ ಅವನನ್ನು ತನ್ನವನೆಂದೇ ಪರಿಗಣಿಸಬಹುದು. ಅಂದರೆ ನೀವು ಯಾವ ಪುಸ್ತಕವನ್ನು ಮುಂದೆ ಹಿಡಿದರೂ ನಿಮ್ಮ ದೇಶದ ಗಡಿಯಲ್ಲಿ ನೀವು ಆ ದೇಶದ ಪೌರರೇ. ಬೇರೆ ದೇಶದ ಪಾಸ್‌ಪೋರ್ಟ್ ತೋರಿಸಿದ ಮಾತ್ರಕ್ಕೆ ನೀವು ವಿದೇಶಿಯರಾಗುವುದಿಲ್ಲ. ಪಾಸ್‌ಪೋರ್ಟ್ ಎಂಬುದು ಪೌರತ್ವಕ್ಕೆ ಒಂದು ಪುರಾವೆ. ಅದರ ಅವಧಿ ಮುಗಿದರೂ ಪೌರತ್ವ ಮುಗಿಯುವುದಿಲ್ಲ. ತನ್ನ ಸ್ವಂತ ದೇಶವನ್ನು ಪ್ರವೇಶಿಸುವ ಹಕ್ಕನ್ನು ಯಾರಿಂದಲೂ ಮನಬಂದಂತೆ ಕಸಿಯಬಾರದು ಎಂದು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ.

ಹಕ್ಕು ಇಷ್ಟು ಗಟ್ಟಿಯಾಗಿರುವಾಗ ತೊಂದರೆ ಎಲ್ಲಿಂದ ಬರುತ್ತದೆ ಎಂದು ನೀವು ಕೇಳಬಹುದು. ಒಂದು ಭಾಗ ಆಯಾ ದೇಶಗಳ ಕಾನೂನಿನಿಂದ ಬರುತ್ತದೆ. ಅಮೆರಿಕದ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯ 215ನೇ ಸೆಕ್ಷನ್, ಆ ದೇಶದ ಪೌರರು ಅಮೆರಿಕದ ಪಾಸ್‌ಪೋರ್ಟ್ ಇಲ್ಲದೆ ಒಳಬರುವುದನ್ನೂ ಹೊರಹೋಗುವುದನ್ನೂ ಕಾನೂನುಬಾಹಿರ ಎನ್ನುತ್ತದೆ. ಆದರೆ ಇದಕ್ಕಿದ್ದ ಕ್ರಿಮಿನಲ್ ಶಿಕ್ಷೆಯನ್ನು 1978ರಲ್ಲೇ ತೆಗೆದುಹಾಕಲಾಗಿದೆ. ದಕ್ಷಿಣ ಆಫ್ರಿಕಾ ಇದಕ್ಕಿಂತ ಕಠಿಣ: ವಯಸ್ಕ ಪೌರರೊಬ್ಬರು ಬೇರೆ ದೇಶದ ಪಾಸ್‌ಪೋರ್ಟ್ ಬಳಸಿ ದೇಶದೊಳಗೆ ಬಂದರೆ ಅಥವಾ ಹೊರಗೆ ಹೋದರೆ ಅಲ್ಲಿನ ಪೌರತ್ವ ಕಾಯ್ದೆಯಂತೆ ಅದು ಅಪರಾಧ, ದಂಡ ಅಥವಾ 12 ತಿಂಗಳವರೆಗಿನ ಸೆರೆವಾಸಕ್ಕೆ ಅವಕಾಶವಿದೆ. ನ್ಯೂಜಿಲೆಂಡ್ ಮಾತ್ರ ಸಮಾಧಾನದ ದಾರಿ ಇಟ್ಟಿದೆ. ಅಲ್ಲಿನ ಪೌರರು ತಮ್ಮ ವಿದೇಶಿ ಪಾಸ್‌ಪೋರ್ಟ್‌ಗೆ ‘ಈತ ನ್ಯೂಜಿಲೆಂಡ್ ಪೌರ’ ಎಂಬ ಒಂದು ಅಧಿಕೃತ ನಮೂದನ್ನು ಸೇರಿಸಿಕೊಂಡು, ಅದರಲ್ಲೇ ಪ್ರಯಾಣಿಸಬಹುದು.

[ದೃಶ್ಯ: ಪಾಸ್‌ಪೋರ್ಟ್‌ನ ಮಾಹಿತಿ ಪುಟ. ಕೆಳಭಾಗದ ಎರಡು ಸಾಲುಗಳು ದೊಡ್ಡದಾಗುತ್ತವೆ.]

ಆದರೆ ನನ್ನ ದೃಷ್ಟಿಯಲ್ಲಿ ಇಂದು ಹೆಚ್ಚಿನ ತಾಪತ್ರಯ ಹುಟ್ಟುವುದು ಕಾನೂನಿನ ಪುಸ್ತಕದಲ್ಲಿ ಅಲ್ಲವೇ ಅಲ್ಲ. ನಿಮ್ಮ ದೇಶದ ಗಡಿಯನ್ನು ನೀವು ತಲುಪುವುದಕ್ಕೂ ಮೊದಲು, ಸಾವಿರಾರು ಕಿಲೋಮೀಟರ್ ದೂರದ ಇನ್ನೊಂದು ದೇಶದ ಚೆಕ್-ಇನ್ ಕೌಂಟರಿನಲ್ಲಿ ಅದು ಹುಟ್ಟುತ್ತದೆ. ಪಾಸ್‌ಪೋರ್ಟ್‌ನ ಮಾಹಿತಿ ಪುಟದ ಕೆಳಗೆ ಯಂತ್ರ ಓದುವಂಥ ಎರಡು ಸಾಲುಗಳಿರುತ್ತವೆ, ಪ್ರತಿ ಸಾಲಿನಲ್ಲಿ 44 ಅಕ್ಷರ. ಅವುಗಳಲ್ಲಿ ರಾಷ್ಟ್ರೀಯತೆಗೆ ಸಿಗುವುದು ಮೂರು ಅಕ್ಷರದ ಒಂದೇ ಒಂದು ಸಂಕೇತ. ಎರಡನೆಯ ಪೌರತ್ವವನ್ನು ಬರೆಯಲು ಅಲ್ಲಿ ಸ್ಥಳವಿಲ್ಲ. ಕೌಂಟರಿನಲ್ಲಿ ಕುಳಿತ ಸಿಬ್ಬಂದಿ ಆ ಸಂಕೇತವನ್ನು ಟಿಮ್ಯಾಟಿಕ್ ಎಂಬ ದತ್ತಾಂಶ ವ್ಯವಸ್ಥೆಯಲ್ಲಿ ಹಾಕಿ, ಈ ರಾಷ್ಟ್ರೀಯತೆಯವರು ಆ ದೇಶಕ್ಕೆ ಹೋಗಲು ಏನೇನು ಬೇಕು ಎಂದು ನೋಡುತ್ತಾರೆ. ಪರದೆ ವೀಸಾ ಬೇಕೆಂದರೆ ವೀಸಾ ಕೇಳುತ್ತಾರೆ. ಸರಿಯಾದ ದಾಖಲೆ ಇಲ್ಲದ ಪ್ರಯಾಣಿಕನನ್ನು ಕರೆತಂದ ವಿಮಾನಯಾನ ಸಂಸ್ಥೆಗೆ ಅನೇಕ ದೇಶಗಳು ದಂಡ ಹಾಕುತ್ತವೆ, ಅವನನ್ನು ವಾಪಸು ಕರೆದೊಯ್ಯುವ ಹೊಣೆಯೂ ಆ ಸಂಸ್ಥೆಯದ್ದೇ. ಹೀಗಿರುವಾಗ ‘ನಾನು ಆ ದೇಶದವನೇ, ನನಗೆ ಹೋಗುವ ಹಕ್ಕಿದೆ’ ಎಂದು ನೀವು ಎಷ್ಟು ವಿವರಿಸಿದರೂ, ಅದನ್ನು ತೀರ್ಮಾನಿಸುವ ಅಧಿಕಾರವಾಗಲಿ ಧೈರ್ಯವಾಗಲಿ ಆ ಸಿಬ್ಬಂದಿಗೆ ಇರುವುದಿಲ್ಲ. ನಿಮ್ಮ ಹಕ್ಕನ್ನು ಒಪ್ಪಿಕೊಳ್ಳಬೇಕಾದ ಅಧಿಕಾರಿ ಸಮುದ್ರದ ಆಚೆ ದಡದಲ್ಲಿ ಕುಳಿತಿರುತ್ತಾನೆ.

ಇದಕ್ಕೆ ಒಂದು ಸುಲಭ ಪರಿಹಾರ ಹೊಳೆಯಬಹುದು: ವಿದೇಶಿ ಪಾಸ್‌ಪೋರ್ಟ್ ಮೇಲೆ ಪ್ರವಾಸಿ ಅನುಮತಿ ತೆಗೆದುಕೊಂಡುಬಿಟ್ಟರಾಯಿತಲ್ಲ? ಗಂಟು ಇರುವುದೇ ಇಲ್ಲಿ. ವೀಸಾ ಎಂದರೆ ಪೌರರಲ್ಲದವರಿಗೆ ಕೊಡುವ ಅನುಮತಿ. ಆಸ್ಟ್ರೇಲಿಯಾದ 1958ರ ವಲಸೆ ಕಾಯ್ದೆಯಲ್ಲಿ ವೀಸಾವನ್ನು ವಿವರಿಸಿರುವುದೇ ಹಾಗೆ. ಆದ್ದರಿಂದ ಆ ದೇಶದ ಪೌರರು ವೀಸಾಕ್ಕೆ ಅರ್ಜಿ ಹಾಕಿದರೆ ಅದನ್ನು ಕೊಡಲು ಸರ್ಕಾರಕ್ಕೆ ಕಾನೂನಿನಲ್ಲಿ ದಾರಿಯೇ ಇಲ್ಲ. ನಿಮಗೆ ಅನುಮತಿ ಬೇಕಾಗಿಲ್ಲ ಎಂಬ ಕಾರಣಕ್ಕೇ ನಿಮಗೆ ಅನುಮತಿ ಸಿಗುವುದಿಲ್ಲ. ಅನುಮತಿ ಇಲ್ಲ ಎಂಬ ಕಾರಣಕ್ಕೆ ವಿಮಾನ ಹತ್ತಲು ಬಿಡುವುದಿಲ್ಲ.

[ಪರದೆಯ ಮೇಲೆ: ಕೆನಡಾ, 10 ನವೆಂಬರ್ 2016]

ಕೆನಡಾದಲ್ಲಿ ಇದು ಎದ್ದು ಕಂಡಿತು. ಅಲ್ಲಿನ ಹಕ್ಕುಗಳ ಸನ್ನದಿನ 6ನೇ ಸೆಕ್ಷನ್, ಪ್ರತಿಯೊಬ್ಬ ಪೌರನಿಗೂ ದೇಶವನ್ನು ಪ್ರವೇಶಿಸುವ, ಅಲ್ಲಿ ಉಳಿಯುವ ಮತ್ತು ಅಲ್ಲಿಂದ ಹೊರಡುವ ಹಕ್ಕನ್ನು ಕೊಟ್ಟಿದೆ. ಹಿಂದೆ ಬ್ರಿಟನ್, ಫ್ರಾನ್ಸ್‌ನಂಥ ದೇಶಗಳ ಪಾಸ್‌ಪೋರ್ಟ್ ಇದ್ದ ಕೆನಡಾ ಪೌರರು ಅದನ್ನೇ ತೋರಿಸಿ ವಿಮಾನ ಹತ್ತುತ್ತಿದ್ದರು. ಆ ದೇಶಗಳವರಿಗೆ ವೀಸಾ ಬೇಕಾಗಿರಲಿಲ್ಲವಾದ್ದರಿಂದ ಯಾರೂ ಹೆಚ್ಚು ಕೇಳುತ್ತಿರಲಿಲ್ಲ. 2016ರಲ್ಲಿ ಕೆನಡಾ ವೀಸಾ ಬೇಡದ ವಿದೇಶಿಯರಿಗೂ ವಿದ್ಯುನ್ಮಾನ ಪ್ರಯಾಣ ಅನುಮತಿಯನ್ನು ಕಡ್ಡಾಯ ಮಾಡಿತು. ಕೆನಡಾ ಪೌರರು ಅದಕ್ಕೆ ಅರ್ಜಿ ಹಾಕುವಂತಿಲ್ಲ. ಆ ವರ್ಷದ ನವೆಂಬರ್ 10ರಿಂದ ಕೆನಡಾ ಪಾಸ್‌ಪೋರ್ಟ್ ಇಲ್ಲದ ಕೆನಡಾ ಪೌರರು ವಿಮಾನ ಹತ್ತುವುದೇ ಕಷ್ಟವಾಯಿತು. ಅಮೆರಿಕದ ಪಾಸ್‌ಪೋರ್ಟ್ ಇದ್ದವರಿಗೆ ವಿನಾಯಿತಿ ಇದೆ, ಏಕೆಂದರೆ ಅಮೆರಿಕದವರಿಗೆ ಆ ವಿದ್ಯುನ್ಮಾನ ಅನುಮತಿಯೇ ಬೇಕಿಲ್ಲ. ಕಾನೂನಿನಲ್ಲಿ ಹಕ್ಕು ಒಂದಕ್ಷರವೂ ಬದಲಾಗಲಿಲ್ಲ, ಹಕ್ಕಿನವರೆಗೆ ತಲುಪುವ ಮೆಟ್ಟಿಲು ಮಾತ್ರ ಬದಲಾಯಿತು.

ಬ್ರಿಟನ್ ಈಗ ಅದೇ ಹಾದಿಯಲ್ಲಿದೆ. ವೀಸಾ ಬೇಡದ ವಿದೇಶಿಯರು ಮೊದಲೇ ಆನ್‌ಲೈನ್‌ನಲ್ಲಿ ಪಡೆಯಬೇಕಾದ ಇಟಿಎ ಎಂಬ ಅನುಮತಿಯನ್ನು ಅದು ಹಂತಹಂತವಾಗಿ ತಂದು, 2026ರ ಫೆಬ್ರವರಿ 25ರಿಂದ ಕಟ್ಟುನಿಟ್ಟಾಗಿ ಜಾರಿ ಮಾಡಿತು. ಬ್ರಿಟಿಷ್ ಪೌರರಿಗೆ ಇಟಿಎ ಕೊಡುವುದಿಲ್ಲ. ಅವರು ಬ್ರಿಟಿಷ್ ಪಾಸ್‌ಪೋರ್ಟ್ ತೋರಿಸಬೇಕು, ಅಥವಾ ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕನ್ನು ದೃಢೀಕರಿಸುವ ಪ್ರಮಾಣಪತ್ರವನ್ನು ತಮ್ಮ ವಿದೇಶಿ ಪಾಸ್‌ಪೋರ್ಟ್‌ಗೆ ಜೋಡಿಸಿಕೊಳ್ಳಬೇಕು. ಈ ಪ್ರಮಾಣಪತ್ರದ ಶುಲ್ಕ 589 ಪೌಂಡ್. ಐರ್ಲೆಂಡ್ ಪಾಸ್‌ಪೋರ್ಟ್ ಇದ್ದವರಿಗೆ ಇವೆರಡೂ ಬೇಡ. ಪರಕೀಯ ಪ್ರವಾಸಿಗನಿಗೆ ಇಟಿಎ ಹಲವು ಪಟ್ಟು ಅಗ್ಗವಾಗಿ ಸಿಗುವಾಗ, ಸ್ವಂತ ಪೌರನಿಗೆ ಅಷ್ಟು ದುಬಾರಿಯ ಕಾಗದ ಬೇಕಾಗುವುದು ನ್ಯಾಯವೆಂದು ನನಗೆ ಅನಿಸುವುದಿಲ್ಲ. ಹುಟ್ಟಿನಿಂದ ಅಥವಾ ತಂದೆತಾಯಿಯ ಮೂಲಕ ಪೌರತ್ವ ಬಂದು, ಎಂದೂ ಬ್ರಿಟಿಷ್ ಪಾಸ್‌ಪೋರ್ಟ್ ಮಾಡಿಸದೇ ಇದ್ದವರಿಗೆ ಇದು ಹೆಚ್ಚು ತಟ್ಟುತ್ತದೆ.

[ದೃಶ್ಯ: ಬೆರಳಚ್ಚು ಮತ್ತು ಮುಖಚಿತ್ರ ಪಡೆಯುವ ಯಂತ್ರ.]

ತಮ್ಮ ನಡುವಿನ ಗಡಿಗಳಲ್ಲಿ ಪಾಸ್‌ಪೋರ್ಟ್ ತಪಾಸಣೆ ಇಟ್ಟುಕೊಳ್ಳದ ಯುರೋಪಿನ ದೇಶಗಳ ಗುಂಪಾದ ಷೆಂಗೆನ್ ವಲಯದಲ್ಲಿ ಸಮಸ್ಯೆಯ ರೂಪ ಬೇರೆ. 2025ರ ಅಕ್ಟೋಬರ್ 12ರಂದು ಅಲ್ಲಿ ಹೊಸ ಪ್ರವೇಶ-ನಿರ್ಗಮನ ವ್ಯವಸ್ಥೆ ಆರಂಭವಾಯಿತು. ಹೊರದೇಶದವರ ಬೆರಳಚ್ಚು ಮತ್ತು ಮುಖಚಿತ್ರವನ್ನು ಅದು ದಾಖಲಿಸಿ, 180 ದಿನಗಳಲ್ಲಿ 90 ದಿನ ಎಂಬ ಮಿತಿಯನ್ನು ತಾನೇ ಲೆಕ್ಕ ಹಾಕುತ್ತದೆ. ಐರೋಪ್ಯ ಒಕ್ಕೂಟದ ಪೌರರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಆದರೆ ಇಟಲಿಯ ಪೌರತ್ವವೂ ಇರುವ ಬ್ರೆಜಿಲ್‌ನ ಒಬ್ಬ ಮಹಿಳೆ ರೋಮ್‌ನಲ್ಲಿ ಇಳಿದು ಬ್ರೆಜಿಲ್ ಪಾಸ್‌ಪೋರ್ಟ್ ತೋರಿಸಿದರು ಎಂದುಕೊಳ್ಳಿ. ಯಂತ್ರಕ್ಕೆ ಆಕೆ ಕೇವಲ ಒಬ್ಬ ಪ್ರವಾಸಿ. 91ನೇ ದಿನ ಆಕೆ ಅವಧಿ ಮೀರಿ ಉಳಿದವರ ಪಟ್ಟಿಯಲ್ಲಿ ಸೇರುತ್ತಾರೆ. ನಡುವೆ ಇಟಲಿಯ ಪಾಸ್‌ಪೋರ್ಟ್ ತೋರಿಸಿ ಹೊರಗೆ ಹೋಗಿದ್ದರಂತೂ, ಬ್ರೆಜಿಲ್ ಪಾಸ್‌ಪೋರ್ಟ್‌ನ ಪ್ರವೇಶದ ದಾಖಲೆಗೆ ಜೋಡಿಯಾಗುವ ನಿರ್ಗಮನದ ದಾಖಲೆ ಸಿಗದೆ ಆ ಕಡತ ತೆರೆದೇ ಉಳಿಯುತ್ತದೆ. ಇಂಥ ತಪ್ಪನ್ನು ಆಮೇಲೆ ಸರಿಪಡಿಸಬಹುದು, ಆದರೆ ನಿಮ್ಮ ಪೌರತ್ವವನ್ನು ನೀವೇ ಕಾಗದಪತ್ರ ಹಿಡಿದು ಸಾಬೀತು ಮಾಡಬೇಕು. ಹೀಗಾಗಿ, ಯಾವ ಪಾಸ್‌ಪೋರ್ಟ್ ತೋರಿಸಿ ಒಂದು ದೇಶದೊಳಗೆ ಹೋದಿರೋ ಅದನ್ನೇ ತೋರಿಸಿ ಹೊರಗೆ ಬರಬೇಕು ಎಂಬುದನ್ನು ಪ್ರಯಾಣಿಕರು ವ್ರತದಂತೆ ಪಾಲಿಸುತ್ತಾರೆ.

ಇಷ್ಟು ಹೊತ್ತು ಅನಾನುಕೂಲದ ಮಾತಾಯಿತು. ಅಪಾಯದ ಮಾತೂ ಇದೆ. ಬೇರೆ ದೇಶದ ಪಾಸ್‌ಪೋರ್ಟ್ ತೋರಿಸಿ ಒಳಗೆ ಹೋದರೆ, ಏನಾದರೂ ಆದಾಗ ಆ ದೇಶದ ರಾಯಭಾರ ಕಚೇರಿ ಕಾಪಾಡುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಹೇಗ್ ಒಪ್ಪಂದದ 4ನೇ ವಿಧಿ ಇದಕ್ಕೆ ವಿರುದ್ಧವಾಗಿದೆ: ಒಬ್ಬ ವ್ಯಕ್ತಿ ಇನ್ನೊಂದು ದೇಶದ ಪೌರನೂ ಆಗಿದ್ದರೆ, ಆ ದೇಶದ ವಿರುದ್ಧ ಅವನಿಗೆ ರಾಜತಾಂತ್ರಿಕ ರಕ್ಷಣೆ ಕೊಡುವಂತಿಲ್ಲ. ಇರಾನ್ ದ್ವಿಪೌರತ್ವವನ್ನು ಮಾನ್ಯವೇ ಮಾಡುವುದಿಲ್ಲ. ಬ್ರಿಟನ್ ಮತ್ತು ಇರಾನ್ ಎರಡರ ಪೌರರಾದ ನಜನೀನ್ ಜಘಾರಿ-ರ್ಯಾಟ್‌ಕ್ಲಿಫ್ ಅವರನ್ನು 2016ರ ಏಪ್ರಿಲ್‌ನಲ್ಲಿ ಟೆಹ್ರಾನಿನ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. 2019ರಲ್ಲಿ ಬ್ರಿಟನ್ ಅಪರೂಪದ ಹೆಜ್ಜೆಯಿಟ್ಟು ಅವರಿಗೆ ರಾಜತಾಂತ್ರಿಕ ರಕ್ಷಣೆ ಘೋಷಿಸಿದರೂ, ಆಕೆ ತನ್ನ ಪ್ರಜೆ ಎಂಬ ನೆಲೆಯಲ್ಲಿ ಇರಾನ್ ಅದನ್ನು ಒಪ್ಪಲಿಲ್ಲ. ಅವರು ಬ್ರಿಟನ್ನಿಗೆ ಮರಳಿದ್ದು 2022ರ ಮಾರ್ಚ್‌ನಲ್ಲಿ.

ಭಾರತದ ಪ್ರಶ್ನೆಯನ್ನೂ ಇಲ್ಲೇ ಮುಗಿಸೋಣ, ಏಕೆಂದರೆ ಗೊಂದಲ ಬಹಳ. ಭಾರತದಲ್ಲಿ ದ್ವಿಪೌರತ್ವ ಇಲ್ಲ. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರು 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಭಾರತದ ಪೌರತ್ವವನ್ನು ಕಳೆದುಕೊಳ್ಳುತ್ತಾರೆ. ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡ್‌ನ ಹೆಸರಿನಲ್ಲಿ ಪೌರ ಎಂಬರ್ಥದ ಪದವಿದ್ದರೂ ಅದು ವಾಸ್ತವದಲ್ಲಿ ಆಜೀವ ವೀಸಾ. ಮತದಾನದ ಹಕ್ಕು ಅದರಲ್ಲಿಲ್ಲ. ಹೀಗಾಗಿ ಇಲ್ಲಿ ನಿಯಮ ತಲೆಕೆಳಗು: ವಿದೇಶಿ ಪಾಸ್‌ಪೋರ್ಟ್ ತೋರಿಸುವುದೇ ಸರಿ, ಹಳೆಯ ಭಾರತೀಯ ಪಾಸ್‌ಪೋರ್ಟ್ ತೋರಿಸುವುದು ತಪ್ಪು.

[ಪರದೆಯ ಮೇಲೆ: ಪ್ಯಾರಿಸ್‌ನಿಂದ ಮಾಂಟ್ರಿಯಲ್‌ಗೆ ಹೋಗುವ ದಾರಿಯ ನಕ್ಷೆ]

ಈಗ ಒಂದು ಪ್ರಯಾಣವನ್ನು ಮೊದಲಿನಿಂದ ಕೊನೆಯವರೆಗೆ ನೋಡೋಣ. ಪ್ರಯಾಣಿಕರು ಫ್ರಾನ್ಸ್ ಮತ್ತು ಕೆನಡಾ ಎರಡರ ಪೌರರು, ಪ್ಯಾರಿಸ್‌ನಿಂದ ಮಾಂಟ್ರಿಯಲ್‌ಗೆ ಹೊರಟಿದ್ದಾರೆ. ಚೆಕ್-ಇನ್‌ನಲ್ಲಿ ಅವರು ತೋರಿಸಬೇಕಾದ್ದು ಕೆನಡಾ ಪಾಸ್‌ಪೋರ್ಟ್, ಏಕೆಂದರೆ ಅಲ್ಲಿನ ಪ್ರಶ್ನೆ ‘ಹೋಗುವ ದೇಶ ನಿಮ್ಮನ್ನು ಒಳಗೆ ಬಿಡುತ್ತದೆಯೇ’ ಎಂಬುದು. ಮುಂದೆ ಫ್ರಾನ್ಸ್‌ನ ಗಡಿ ಪೊಲೀಸರಿಗೆ ಫ್ರಾನ್ಸ್ ಪಾಸ್‌ಪೋರ್ಟ್; ಅವರು ಕೇಳುವುದು ‘ನೀವು ಇಲ್ಲಿ ಯಾವ ನೆಲೆಯಲ್ಲಿ ಇದ್ದಿರಿ’ ಎಂದು. ಮಾಂಟ್ರಿಯಲ್‌ನಲ್ಲಿ ಇಳಿದಾಗ ಮತ್ತೆ ಕೆನಡಾದ್ದು. ವಾಪಸು ಬರುವಾಗ ಕೌಂಟರಿನಲ್ಲಿ ಫ್ರಾನ್ಸ್ ಪಾಸ್‌ಪೋರ್ಟ್ ತೋರಿಸಿದರೆ ಸಾಕು. ಕೆನಡಾದಿಂದ ಹೊರಡುವಾಗ ಪ್ರತ್ಯೇಕ ಇಮಿಗ್ರೇಷನ್ ತಪಾಸಣೆಯ ಸಾಲು ಇರುವುದಿಲ್ಲ. ಎರಡು ಪುಸ್ತಕ ಇಟ್ಟುಕೊಂಡಿರುವುದನ್ನು ಮುಚ್ಚಿಡಲು ಇಲ್ಲಿ ಕಾರಣವಿಲ್ಲ. ಎರಡೂ ದೇಶಗಳು ದ್ವಿಪೌರತ್ವವನ್ನು ಒಪ್ಪುತ್ತವೆ, ಅಧಿಕಾರಿ ಕೇಳಿದರೆ ನಿಜ ಹೇಳಬೇಕು. ಅರ್ಜಿಯಲ್ಲಿ ‘ಬೇರೆ ಪೌರತ್ವ ಇದೆಯೇ’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಬರೆಯುವುದು ಸುಳ್ಳು ಹೇಳಿಕೆಯಾಗುತ್ತದೆ, ಅದರ ಪರಿಣಾಮ ಮೂಲ ತೊಂದರೆಗಿಂತ ದೊಡ್ಡದು.

ಟಿಕೆಟ್ ತೆಗೆಯುವಾಗ ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ಮದುವೆಯ ನಂತರ ಒಂದು ಪಾಸ್‌ಪೋರ್ಟ್‌ನಲ್ಲಿ ಉಪನಾಮ ಬದಲಾಗಿ, ಇನ್ನೊಂದರಲ್ಲಿ ಹಳೆಯದೇ ಉಳಿದಿರುವುದು ಸಾಮಾನ್ಯ. ಅಂಥವರು ಚೆಕ್-ಇನ್‌ನಲ್ಲಿ ತೋರಿಸಲಿರುವ ಪಾಸ್‌ಪೋರ್ಟ್‌ನ ಹೆಸರಿನಲ್ಲೇ ಟಿಕೆಟ್ ತೆಗೆದು, ವಿವಾಹ ಪ್ರಮಾಣಪತ್ರವನ್ನು ಜೊತೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಕೊನೆಗೆ ಮಕ್ಕಳ ವಿಚಾರ. ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ವಯಸ್ಕರ ಪಾಸ್‌ಪೋರ್ಟ್ 10 ವರ್ಷ ನಡೆಯುತ್ತದೆ, 16 ವರ್ಷದೊಳಗಿನ ಮಕ್ಕಳದ್ದು 5 ವರ್ಷ ಮಾತ್ರ. ಒಂದೇ ದಿನ ಮಾಡಿಸಿದ ಪಾಸ್‌ಪೋರ್ಟ್‌ಗಳಲ್ಲಿ ತಂದೆತಾಯಿಯದು ಇನ್ನೂ ಅರ್ಧ ಆಯುಷ್ಯ ಉಳಿಸಿಕೊಂಡಿರುವಾಗಲೇ ಮಗುವಿನದು ಮುಗಿದಿರುತ್ತದೆ. ಇಂಥ ಸಂದರ್ಭದಲ್ಲಿ ಮಗುವಿನ ಇನ್ನೊಂದು ಪಾಸ್‌ಪೋರ್ಟ್ ಮೇಲೆ ಪ್ರವಾಸಿ ಅನುಮತಿಗೆ ಅರ್ಜಿ ಹಾಕುವುದರಲ್ಲಿ ಸಮಯ ಕಳೆಯಬೇಡಿ. ಆ ಮಗು ಯಾವ ದೇಶಕ್ಕೆ ಹೋಗುತ್ತಿದೆಯೋ ಆ ದೇಶದ ರಾಯಭಾರ ಕಚೇರಿಯಲ್ಲಿ ನವೀಕರಣ ಎಷ್ಟು ವಾರ ಹಿಡಿಯುತ್ತದೆ ಎಂದು ಕೇಳಿ, ಅಷ್ಟು ಸಮಯ ಇಲ್ಲದಿದ್ದರೆ ತುರ್ತು ಪ್ರಯಾಣ ದಾಖಲೆ ಕೊಡುತ್ತಾರೆಯೇ ಎಂದು ವಿಚಾರಿಸಿ. ಟಿಕೆಟ್ ತೆಗೆಯುವುದು ಅದಾದ ಮೇಲೆ.