ಕಂಪನಿ ಪಾರ್ಟೋ, ಬಜಾರ್ ಪಾರ್ಟೋ?

ಕೇಳುಗರಿಗೆ ನಮಸ್ಕಾರ. ಮುಂಬೈ ಹತ್ತಿರದ ಡೊಂಬಿವಿಲಿಯಲ್ಲಿ ನನ್ನದೊಂದು ರಿಪೇರಿ ಅಂಗಡಿ. ಮಿಕ್ಸರ್, ಗೀಸರ್, ಫ್ರಿಜ್, ವಾಷಿಂಗ್ ಮಷೀನ್, ಎಲ್ಲಾ ಮಾಡುತ್ತೇನೆ. 22 ವರ್ಷ ಆಯಿತು. ನಮ್ಮ ಕನ್ನಡದವರ ಮನೆಗೆ ಹೋದರೆ ಮೊದಲು ಚಹಾ ಬರುತ್ತದೆ, ಹಿಂದೆಯೇ ಒಂದು ಪ್ರಶ್ನೆ. "ಕಂಪನಿ ಪಾರ್ಟೇ ಹಾಕ್ಬೇಕಾ? ಹೊರಗಿನದು ನಡೆಯಲ್ವಾ?"

ಇದಕ್ಕೆ ನಾನೇ ಒಮ್ಮೆ ತಪ್ಪು ಉತ್ತರ ಕೊಟ್ಟಿದ್ದೆ. ಮುಲುಂಡ್‌ನಲ್ಲಿ ಧಾರವಾಡ ಕಡೆಯ ಅಜ್ಜ, ಅಜ್ಜಿ ಇದ್ದಾರೆ. ಅವರ 15 ಲೀಟರ್ ಗೀಸರ್ ಕೆಟ್ಟಿತ್ತು. ಬಿಚ್ಚಿ ನೋಡಿದರೆ ಬಿಸಿಯನ್ನು ಮಿತಿಯಲ್ಲಿಡುವ ಥರ್ಮೋಸ್ಟ್ಯಾಟ್ ಹೋಗಿದೆ, ಬಿಸಿ ಮಿತಿಮೀರಿದರೆ ಕರೆಂಟ್ ಕಡಿಯುವ ಪಕ್ಕದ ಕಟ್‌ಔಟ್ ಕೂಡ ಹೋಗಿದೆ. ಅಜ್ಜನ ಪಿಂಚಣಿ ಸಣ್ಣದು. 300 ರೂಪಾಯಿ ಉಳಿಯಲಿ ಅಂತ ಬಜಾರಿನ ಅಗ್ಗದ ಸೆಟ್ ತಂದು ಹಾಕಿದೆ. ಮೂರು ತಿಂಗಳಾಗಿರಬೇಕು, ಬೆಳಿಗ್ಗೆ ಅಜ್ಜಿಯ ಫೋನ್. "ತಮ್ಮಾ, ನಳದಾಗಿಂದ ಉಗಿ ಬರಾಕತ್ತೈತಿ, ಏನ್ ಮಾಡ್ಲಿ?"

ಸ್ವಿಚ್ ಆಫ್ ಮಾಡಿ, ಬಾತ್‌ರೂಮಿಗೆ ಯಾರೂ ಹೋಗಬೇಡಿ ಅಂದವನೇ ಲೋಕಲ್ ರೈಲು ಹಿಡಿದು ಓಡಿದೆ. ಥರ್ಮೋಸ್ಟ್ಯಾಟ್ ತೆಗೆದು ಒಡೆದು ನೋಡಿದೆ. ಒಳಗೆ ಎಳ್ಳುಕಾಳಿನಷ್ಟು ಎರಡು ಕಾಂಟ್ಯಾಕ್ಟ್ ಇರುತ್ತವೆ. ನೀರು ಬಿಸಿಯಾದರೆ ಅವು ದೂರ ಸರಿದು ಕರೆಂಟ್ ನಿಲ್ಲಿಸಬೇಕು. ಅವೆರಡೂ ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು, ಸುತ್ತ ಕಪ್ಪು ಮಸಿ. ಅದು ಕೈಕೊಟ್ಟರೆ ಕಟ್‌ಔಟ್ ಬೀಳಬೇಕು, ಅದೂ ಬಿದ್ದಿರಲಿಲ್ಲ. ಅವರನ್ನು ಕಾಪಾಡಿದ್ದು ಟ್ಯಾಂಕಿನ ಬುಡದಲ್ಲಿದ್ದ ಸೇಫ್ಟಿ ವಾಲ್ವ್. ಒತ್ತಡ ಏರಿದಾಗ ಅದು ತೆರೆದುಕೊಂಡು ನೀರು ಹೊರಗೆ ಬಿಟ್ಟಿತ್ತು. ಆ ವಾಲ್ವ್ ಗೀಸರ್ ಜೊತೆ ಕಂಪನಿಯಿಂದಲೇ ಬಂದದ್ದು. ಆ ದಿನ ಊಟ ಸೇರಲಿಲ್ಲ ನನಗೆ.

ಅಂದಿನಿಂದ ಯಾವ ಪಾರ್ಟ್ ಕೈಗೆ ಬಂದರೂ ಮೊದಲು ಒಂದು ಮಾತು ಯೋಚಿಸುತ್ತೇನೆ. ಇದು ಕೆಟ್ಟರೆ ಏನಾಗುತ್ತದೆ? ಮಷೀನ್ ಸುಮ್ನೆ ನಿಂತುಹೋಗುತ್ತದೆಯೇ, ಇಲ್ಲಾ ಮನುಷ್ಯರಿಗೆ ಪೆಟ್ಟಾಗುತ್ತದೆಯೇ? ಬಿಸಿ, ಒತ್ತಡ, ಗ್ಯಾಸ್ ತಡೆಯುವ ಪಾರ್ಟ್ ಆದರೆ ಕಂಪನಿಯದ್ದೇ ಹಾಕುತ್ತೇನೆ, ಚೌಕಾಸಿ ಮಾಡಲು ಬಿಡುವುದಿಲ್ಲ. ಕುಕ್ಕರಿನ ಸೇಫ್ಟಿ ವಾಲ್ವ್ ಹಾಗೇ. ಸೈಜ್ ಒಂದೇ ಇದೆ ಅಂತ ಬೇರೆ ಕುಕ್ಕರಿನದು ತಿರುಗಿಸಿ ಕೂರಿಸಬೇಡಿ. ಕುಕ್ಕರಿಗೆ ಐಎಸ್ಐ ಗುರುತು 2021ರಿಂದ ಕಡ್ಡಾಯವಾಗಿದೆ. ಹೊರಗಿನ ವಾಲ್ವ್ ಹಾಕಿದರೆ ಆ ಗುರುತಿಗೆ ಏನು ಬೆಲೆ ಉಳಿಯಿತು ಹೇಳಿ?

ಹಾಗಂತ ಎಲ್ಲಕ್ಕೂ ಕಂಪನಿಯದ್ದೇ ಬೇಕು ಅನ್ನುವುದೂ ದುಡ್ಡು ದಂಡ. ಸೀಲಿಂಗ್ ಫ್ಯಾನ್ ನಿಧಾನ ಆಯಿತು ಅಂದರೆ ಹೆಚ್ಚಾಗಿ ಕೆಪಾಸಿಟರ್ ಸೊರಗಿರುತ್ತದೆ. ಬಹಳಷ್ಟು ಫ್ಯಾನ್‌ಗಳಲ್ಲಿ ಅದರ ಅಳತೆ 2.5 ಮೈಕ್ರೋಫ್ಯಾರಡ್ ಇರುತ್ತದೆ, ಕೆಲವದರಲ್ಲಿ 3.15. ಹಳೆಯದರ ಮೇಲೆ ಬರೆದ ನಂಬರನ್ನೇ ತನ್ನಿ, ವೋಲ್ಟೇಜ್ ಕೂಡ ನೋಡಿ. ಜೋರಾಗಿ ತಿರುಗಲಿ ಅಂತ ದೊಡ್ಡದು ಹಾಕಿಸಿದರೆ ಮೋಟರ್ ಕಾಯುತ್ತದೆ. ಕೆಪಾಸಿಟರ್ ಮಾಡುವವರೇ ಬೇರೆ ಇದ್ದಾರೆ, ಅವರ ಹೆಸರಿನ ಒಳ್ಳೆ ಮಾಲು ಅಂಗಡಿಯಲ್ಲೇ ಸಿಗುತ್ತದೆ. ಫ್ರಿಜ್ ಬಾಗಿಲಿನ ಗ್ಯಾಸ್ಕೆಟ್, ಅಂದರೆ ಸುತ್ತಲಿನ ರಬ್ಬರ್ ಪಟ್ಟಿ ಕೂಡ ಬಜಾರಿನದು ನಡೆಯುತ್ತದೆ. ಬದಲಿಸುವ ಮುಂಚೆ ಬಿಸಿನೀರು, ಸೋಪು ಹಾಕಿ ತೊಳೆದು ನೋಡಿ. ಬಾಗಿಲ ಸಂದಿಯಲ್ಲಿ ಹತ್ತು ರೂಪಾಯಿ ನೋಟು ಇಟ್ಟು ಮುಚ್ಚಿ ಎಳೆಯಿರಿ. ಬಿಗಿಯಾಗಿ ಹಿಡಿದರೆ ಗ್ಯಾಸ್ಕೆಟ್ ಚೆನ್ನಾಗಿಯೇ ಇದೆ.

ಮಿಕ್ಸರ್ ವಿಷಯ ಸ್ವಲ್ಪ ಸೂಕ್ಷ್ಮ. ಜಾರ್ ಕೂರುವ ಜಾಗದಲ್ಲಿ ಕಪ್ಪು ಕಪ್ಲರ್ ಇರುತ್ತದೆ, ಅಲ್ವಾ? ಸವೆಯುವುದೇ ಅದರ ಕೆಲಸ. ಬಜಾರಿನದು ಹಾಕಿ, ಆದರೆ ಹಲ್ಲು ಜಾರಿಗೆ ಸರಿಯಾಗಿ ಕೂರುತ್ತದಾ ನೋಡಿಕೊಳ್ಳಿ. ಹೆಚ್ಚಿನ ಮಿಕ್ಸರ್‌ಗಳಲ್ಲಿ ಅದರ ಥ್ರೆಡ್, ಅಂದರೆ ತಿರುಪಿನ ಸುತ್ತು, ಉಲ್ಟಾ, ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಿ ಬಿಚ್ಚಬೇಕು. ಗೊತ್ತಿಲ್ಲದೆ ಎಷ್ಟೋ ಜನ ಮುರಿದುಕೊಂಡು ಬರುತ್ತಾರೆ. ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಶ್ ಮಾತ್ರ ಅಗ್ಗದ್ದು ಬೇಡ. ಗಟ್ಟಿ ಕಾರ್ಬನ್ ಒಳಗಿನ ತಾಮ್ರವನ್ನೇ ಉಜ್ಜಿ ತಿನ್ನುತ್ತದೆ, ಆಮೇಲೆ ಆ ತಿರುಗುವ ಭಾಗವನ್ನೇ, ಅಂದರೆ ಇಡೀ ಆರ್ಮೇಚರ್ ಬದಲಿಸಬೇಕಾಗುತ್ತದೆ.

ಗ್ರ್ಯಾಂಟ್ ರೋಡ್ ಸ್ಟೇಶನ್ ಹತ್ತಿರದ ಲ್ಯಾಮಿಂಗ್ಟನ್ ರೋಡಿಗೋ, ಲೋಹಾರ್ ಚಾಳಿನ ಬಜಾರಿಗೋ ಪಾರ್ಟ್ ತರಲು ನೀವೇ ಹೋದರೆ "ಕಂಪನಿ ಕಾ ಮಾಲ್ ಹೈ" ಅನ್ನುತ್ತಾರೆ. ಮಾತು ನಂಬಬೇಡಿ, ಡಬ್ಬಿ ನೋಡಿ. ತಯಾರಿಸಿದವರ ಹೆಸರು, ವಿಳಾಸ, ತಿಂಗಳು, ವರ್ಷ, ಎಂಆರ್‌ಪಿ ಎಲ್ಲಾ ಅಚ್ಚಾಗಿರಬೇಕು. ನಕಲಿ ಡಬ್ಬಿಯಲ್ಲಿ ಹೆಸರಿನ ಸ್ಪೆಲ್ಲಿಂಗ್ ಒಂದಕ್ಷರ ಆಚೀಚೆ ಇರುವುದು ಎಷ್ಟೋ ಸಲ ಕಂಡಿದ್ದೇನೆ. ಬಿಲ್ ಕೇಳಿ. ಮೋಸವಾದರೆ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ.

ವಾರಂಟಿ ಇನ್ನೂ ಇದ್ದರೆ ಹೊರಗಿನವರ ಕೈಗೆ ಕೊಡಲೇಬೇಡಿ, ನನ್ನ ಕೈಗೂ ಬೇಡ. ವಾರಂಟಿ ಮುಗಿದ ಮೇಲೆ ಕಂಪನಿಯವರು "ಪಾರ್ಟ್ ಬರಲ್ಲ, ಹೊಸದೇ ತಗೊಳ್ಳಿ" ಅಂದರೆ ನನಗೆ ಸಿಟ್ಟು ಬರುತ್ತದೆ. ಡ್ರಮ್, ಮೋಟರ್ ಚೆನ್ನಾಗಿರುವ ವಾಷಿಂಗ್ ಮಷೀನನ್ನು ಒಂದು ಎಲೆಕ್ಟ್ರಾನಿಕ್ ಬೋರ್ಡಿಗಾಗಿ ಗುಜರಿಗೆ ಹಾಕುವುದಾ? ಆ ಬೋರ್ಡ್ ರಿಪೇರಿ ಮಾಡುವ ಕೈಗಳು ಮುಂಬೈಯಲ್ಲಿ ಇವೆ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್, ಅಂದರೆ ಕಂಪನಿಗಳ ರಿಪೇರಿ ಮಾಹಿತಿ ಒಂದೇ ಕಡೆ ಸಿಗುವ ವೆಬ್‌ಸೈಟ್ ತೆರೆಯಿತು. ನನ್ನಂಥವರಿಗೆ ಅದು ಸಂತೋಷದ ಸುದ್ದಿ.

ಇನ್ನೊಂದು ಮಾತು. ರಿಪೇರಿಯವನು ಹೊರಡುವ ಮುಂಚೆ ಹಳೇ ಪಾರ್ಟ್ ಕೇಳಿ ತಗೊಳ್ಳಿ. ಅದರ ಮೇಲಿನ ನಂಬರ್ ಮುಂದಿನ ಸಲ ಬೇಕಾಗುತ್ತದೆ. ಮುಲುಂಡಿನ ಅಜ್ಜಿ ಆ ಸುಟ್ಟ ಥರ್ಮೋಸ್ಟ್ಯಾಟನ್ನು ನನ್ನ ಕೈಗೇ ಕೊಟ್ಟರು. ಅದು ನನ್ನ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದೆ. ಗೀಸರಿಗೆ ಅಗ್ಗದ್ದೇ ಹಾಕಿ ಅನ್ನುವವರ ಕೈಗೆ ಅದನ್ನು ಕೊಟ್ಟು, ಆ ಎಳ್ಳುಕಾಳು ನೋಡಿ ಅನ್ನುತ್ತೇನೆ. ನಮಸ್ಕಾರ.